ವಿಲ್ ಬರೆಯದೆ ತಂದೆ ತೀರಿಕೊಂಡರೆ ಪುಣೆಯ ಫ್ಲಾಟ್ ಯಾರಿಗೆ? ವಾರಸುದಾರರು ತಿಳಿದಿರಬೇಕಾದ ಸಂಗತಿಗಳಿವು

ಉದ್ಯೋಗಕ್ಕಾಗಿ ಪುಣೆಗೆ ಹೋಗಿ ಅಲ್ಲೇ ನೆಲೆಸಿದ ಕನ್ನಡ ಕುಟುಂಬಗಳು ಸಾಕಷ್ಟಿವೆ. ಪುಣೆಯಲ್ಲಿ ಫ್ಲಾಟ್, ವಿಜಯಪುರ ಅಥವಾ ಕಲಬುರಗಿ ಕಡೆ ಹೊಲ ಇರುವ ಮನೆಯ ಹಿರಿಯರು ವಿಲ್ ಬರೆಯದೆ ನಿಧನರಾದರೆ ಮಕ್ಕಳು ಎರಡು ರಾಜ್ಯಗಳ ಕಚೇರಿಗಳಿಗೆ ಅಲೆಯಬೇಕಾಗುತ್ತದೆ. ಊರಿನಲ್ಲಿ ನಡೆಯುವ ಕಾಗದ ಪುಣೆಯಲ್ಲಿ ಸಾಲದೇ ಹೋಗಬಹುದು.

ಯಾರಿಗೆ ಎಷ್ಟು ಪಾಲು?

ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ, ತಂದೆಯ ಸ್ವಯಾರ್ಜಿತ ಆಸ್ತಿ ಅವರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮನಾಗಿ ಸೇರುತ್ತದೆ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದರೆ ನಾಲ್ಕು ಪಾಲು. ಅಜ್ಜಿ ಬದುಕಿದ್ದರೆ ಐದು. ಅನೇಕರು ಮರೆಯುವುದು ಈ ಅಜ್ಜಿಯ ಪಾಲನ್ನೇ. ಮೊದಲೇ ತೀರಿಕೊಂಡ ಮಗಳ ಪಾಲು ಅವಳ ಮಕ್ಕಳಿಗೆ ಹೋಗುತ್ತದೆ. ಮುಸ್ಲಿಮರು ಮತ್ತು ಕ್ರೈಸ್ತರಿಗೆ ಬೇರೆ ನಿಯಮಗಳಿವೆ.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ. 2005ರ ತಿದ್ದುಪಡಿ ಜಾರಿಯಾದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿದೆ.

ನಾಮಿನಿ ಮಾಲೀಕರಲ್ಲ

ಹೌಸಿಂಗ್ ಸೊಸೈಟಿಯಲ್ಲಿ ಹಿರಿಯ ಮಗನ ಹೆಸರು ನಾಮಿನಿಯಾಗಿದ್ದರೆ ಫ್ಲಾಟ್ ಅವನದೇ ಆಗುವುದಿಲ್ಲ. ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯಡಿ, ವಾರಸುದಾರರ ಹೆಸರು ದಾಖಲಾಗುವವರೆಗೆ ಅವನು ತಾತ್ಕಾಲಿಕ ಸದಸ್ಯ ಮಾತ್ರ. ಬ್ಯಾಂಕ್ ಠೇವಣಿಯ ಹಣವನ್ನು ನಾಮಿನಿ ಪಡೆಯಬಹುದು, ಆದರೆ ಅದರಲ್ಲಿ ಇತರ ವಾರಸುದಾರರ ಹಕ್ಕು ಉಳಿದೇ ಇರುತ್ತದೆ. ಷೇರುಗಳ ವಿಷಯದಲ್ಲೂ ನಾಮಿನಿಯೇ ಮಾಲೀಕರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ.

ಬೇಕಾಗುವ ಕಾಗದಪತ್ರಗಳು

* ಮರಣ ಪ್ರಮಾಣಪತ್ರ: ಸಾವು ಸಂಭವಿಸಿದ ಸ್ಥಳದ ಮಹಾನಗರ ಪಾಲಿಕೆ ಅಥವಾ ಸ್ಥಳೀಯ ಸಂಸ್ಥೆಯಲ್ಲಿ 21 ದಿನದೊಳಗೆ ನೋಂದಣಿ ಮಾಡಿಸಬೇಕು. ಹಲವು ಪ್ರತಿಗಳನ್ನು ಪಡೆದಿಟ್ಟುಕೊಳ್ಳುವುದು ಒಳ್ಳೆಯದು.
* ವಾರಸಾ ಪ್ರಮಾಣಪತ್ರ: ಕರ್ನಾಟಕದಲ್ಲಿ ವಂಶವೃಕ್ಷ ನಾಡಕಚೇರಿಯಲ್ಲಿ ಸಿಗುತ್ತದೆ. ಮಹಾರಾಷ್ಟ್ರದಲ್ಲಿ 1827ರ ಬಾಂಬೆ ರೆಗ್ಯುಲೇಶನ್ 8ರಡಿ ಸಿವಿಲ್ ನ್ಯಾಯಾಲಯವೇ ವಾರಸುದಾರರಿಗೆ ಪ್ರಮಾಣಪತ್ರ ನೀಡುತ್ತದೆ. ಅದಕ್ಕೂ ಮುನ್ನ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗೆ ಅವಕಾಶ ಕೊಡಲಾಗುತ್ತದೆ. ಪುಣೆಯ ಜಿಲ್ಲಾ ನ್ಯಾಯಾಲಯ ಶಿವಾಜಿನಗರದಲ್ಲಿದೆ.
* ಉತ್ತರಾಧಿಕಾರ ಪ್ರಮಾಣಪತ್ರ: 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಸಿಗುವ ಇದು ಠೇವಣಿ, ಷೇರು, ಬರಬೇಕಾದ ಸಾಲ ಇಂಥವುಗಳಿಗೆ ಮಾತ್ರ. ಮನೆ, ಜಮೀನಿಗೆ ಅನ್ವಯಿಸದು.

ಹಕ್ಕು ಬಿಡುವ ಮುನ್ನ

ಊರಿನ ಹೊಲಕ್ಕೆ ಪೌತಿ ಖಾತೆ ಮಾಡಿಸಬೇಕು. ಆದರೆ ಪಹಣಿಯಲ್ಲಿ ಅಥವಾ ಮಹಾರಾಷ್ಟ್ರದ ಸಾತ್-ಬಾರಾ ಉತಾರದಲ್ಲಿ ಒಬ್ಬರದೇ ಹೆಸರು ಬಂದ ಮಾತ್ರಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ.

ಅಕ್ಕ-ತಂಗಿಯರು ಪಾಲು ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ನೋಂದಣಿಯಾದ ಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂಪಡೆಯಲಾಗದು. 'ಬ್ಯಾಂಕಿನ ಕೆಲಸಕ್ಕೆ ಒಂದು ಸಹಿ' ಎಂದು ಯಾರಾದರೂ ಕಾಗದ ಮುಂದಿಟ್ಟರೆ ಪೂರ್ತಿ ಓದಿಸಿಕೊಂಡೇ ಸಹಿ ಹಾಕಬೇಕು. ಭಾಷೆ ಮರಾಠಿಯಾಗಿದ್ದರೆ ಬಲ್ಲವರಿಂದ ಅರ್ಥ ಕೇಳಿ ತಿಳಿಯಬೇಕು.

ಒಮ್ಮತ ಮೂಡದಿದ್ದರೆ ಉಳಿಯುವುದು ಪಾಲು ವಿಭಾಗದ ದಾವೆ. ಅದು ವರ್ಷಗಟ್ಟಲೆ ನಡೆಯಬಹುದು. ಹಾಗಾಗಿ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲ ಹಕ್ಕುದಾರರ ಮತ್ತು ಆಸ್ತಿ, ಸಾಲಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡು, ನಂತರ ವಕೀಲರನ್ನು ಕಾಣುವುದು ಸೂಕ್ತ.