ಕನ್ನಡ ಕಾವ್ಯದಲ್ಲಿ ಅಲಂಕಾರ ಮತ್ತು ವಕ್ತೃ

ನೇರ ಅರ್ಥವನ್ನು ದಾಟಿ ಹೋಲಿಕೆ, ಆರೋಪ, ಶ್ಲೇಷೆಗಳಿಂದ ಭಾವವನ್ನು ಮುಟ್ಟಿಸುವ ಉಕ್ತಿವಿಶೇಷ ಅಲಂಕಾರ. ಪದ್ಯದೊಳಗೆ ಆ ಮಾತನ್ನು ಆಡುವವರು ವಕ್ತೃ. ವಕ್ತೃ ಕವಿಯೇ ಆಗಿರಬೇಕಿಲ್ಲ. ಹೋಲಿಕೆ ಯಾರ ಕಣ್ಣಿಗೆ ಹಾಗೆ ಕಂಡಿತೆಂದು ತಿಳಿದಾಗಲೇ ಅದರ ಸ್ವಾರಸ್ಯ ಪೂರ್ತಿ ದಕ್ಕುತ್ತದೆ.

ಶಾಸ್ತ್ರ: ಭರತನ ನಾಟ್ಯಶಾಸ್ತ್ರದಲ್ಲಿರುವುದು ಉಪಮೆ, ರೂಪಕ, ದೀಪಕ, ಯಮಕ ಎಂಬ 4 ಅಲಂಕಾರಗಳು. ಭಾಮಹ, ದಂಡಿಗಳ ಹೊತ್ತಿಗೆ ಈ ಪಟ್ಟಿ ಬಹಳ ಬೆಳೆದಿತ್ತು. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕವಿಯ ಪ್ರೌಢೋಕ್ತಿಯನ್ನೂ (ಕಲ್ಪನೆಯಿಂದ ಹುಟ್ಟಿದ ಮಾತು) ಕವಿ ಕಲ್ಪಿಸಿದ ಪಾತ್ರದ ಪ್ರೌಢೋಕ್ತಿಯನ್ನೂ ಬೇರೆಯಾಗಿ ಗುರುತಿಸಿದ. ಕಾವ್ಯಪ್ರಕಾಶದ ಮಮ್ಮಟನಂತೂ ವ್ಯಂಗ್ಯಾರ್ಥ (ಸೂಚಿತವಾದ ಅರ್ಥ) ಹೊಳೆಯಲು ಕಾರಣಗಳನ್ನು ಎಣಿಸುವಾಗ ಆಡುವವರು, ಕೇಳುವವರು, ದನಿಯ ಏರಿಳಿತ ಇವನ್ನೇ ಮೊದಲಿಗಿಟ್ಟ.

ಹಳಗನ್ನಡ: ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಶ್ರೀವಿಜಯ ರಚಿಸಿದ ಕವಿರಾಜಮಾರ್ಗ ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸುತ್ತದೆ; ಆದರೂ ದಂಡಿಯಲ್ಲಿಲ್ಲದ ಧ್ವನಿಯನ್ನು, ಎಂದರೆ ಸೂಚ್ಯಾರ್ಥವನ್ನು, ಒಂದು ಅಲಂಕಾರವಾಗಿ ಹೆಸರಿಸುತ್ತದೆ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ (941) ಕವಿಯ ಆಶ್ರಯದಾತ ಅರಸ ಅರಿಕೇಸರಿಯ ಬಿರುದುಗಳು ಅರ್ಜುನನಿಗೆ ಸಲ್ಲುತ್ತವೆ. ಇಲ್ಲಿ ಅರಸನೂ ಅರ್ಜುನನೂ ಒಂದೇ ಎಂಬ ಅಭೇದಕಲ್ಪನೆ ಒಂದೆರಡು ಪದ್ಯಕ್ಕೆ ಮುಗಿಯದೆ ಇಡೀ ಕಾವ್ಯದ ಕಟ್ಟಡವನ್ನೇ ಹೊತ್ತಿದೆ.

ವಚನ, ನಡುಗನ್ನಡ: 12ನೆಯ ಶತಮಾನದ ವಚನಗಳಲ್ಲಿ 'ನಾನು' ಮುಂದೆ ಬಂತು; ವಚನದಲ್ಲಿ ಬರುವ ಇಷ್ಟದೈವದ ಹೆಸರಾದ ಅಂಕಿತವು ಆ ಮಾತು ಯಾರನ್ನು ಕರೆಯುತ್ತಿದೆ ಎಂಬುದನ್ನು ತಿಳಿಸಿತು. ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನನೇ ಗಂಡ. ಶರಣ ಸತಿ, ಲಿಂಗ ಪತಿ ಎಂಬ ಭಾವದಲ್ಲಿ ಪುರುಷ ವಚನಕಾರರೂ ಹೆಣ್ಣಿನ ದನಿಯಲ್ಲಿ ಮಾತಾಡಿದರು. ಅಲ್ಲಮನ ಬೆಡಗಿನ ವಚನಗಳಲ್ಲಿ ರೂಪಕ ಒಗಟಾಯಿತು. ರೂಪಕ ಸಾಮ್ರಾಜ್ಯ ಚಕ್ರವರ್ತಿ ಎನಿಸಿಕೊಂಡ ಕುಮಾರವ್ಯಾಸ ಗದುಗಿನ ವೀರನಾರಾಯಣನನ್ನೇ ಕವಿಯೆಂದು ಕರೆದು, ತಾನು ಬರೆದುಕೊಳ್ಳುವವನಷ್ಟೇ ಎಂದ.

ಹೊಸಗನ್ನಡ: ನವೋದಯದ ಭಾವಗೀತೆಯಲ್ಲಿ 'ನಾನು' ಎಂದರೆ ಕವಿಯೇ ಎಂದು ಓದುವ ರೂಢಿ ಬಲಿಯಿತು. ಆ ರೂಢಿಯನ್ನು ಕೆ.ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆಯ (1942) ಬಳೆಗಾರ ಚೆನ್ನಯ್ಯ ತಿದ್ದುತ್ತಾನೆ. ಹೆಂಡತಿಯ ತವರೂರು ನವಿಲೂರಿನ ಸುದ್ದಿ ಹೊತ್ತು ಗಂಡನ ಬಾಗಿಲಿಗೆ ಬಂದು ಮಾತಾಡುವವನು ಅವನು. ತವರಲ್ಲಿರುವ ಹೆಂಡತಿಯ ಹಂಬಲ ನಮಗೆ ಕೇಳಿಸುವುದು ಅವನ ಸಂಕೋಚ, ಅಕ್ಕರೆಗಳ ಮೂಲಕವೇ. ಅದನ್ನು ಅವಳ ಬಾಯಿಂದಲೋ ಕವಿಯ ಬಾಯಿಂದಲೋ ಹೇಳಿಸಿದ್ದರೆ ಅದು ಬೇರೆಯದೇ ಕವಿತೆ.