ಉಣ್ಣೆ ಕೋಟು (ಹೆಂಗಸರದು), ಸುಂಕ ವರ್ಗೀಕರಣ

ಆಮದಾದ ಹೆಂಗಸರ ಉಣ್ಣೆ ಕೋಟಿಗೆ ಕಸ್ಟಮ್ಸ್ ಸುಂಕದ ಪಟ್ಟಿಯಲ್ಲಿ ಜಾಗ ಗೊತ್ತುಮಾಡುವ ಕ್ರಮ. ಭಾರತದಲ್ಲಿ ಇದಕ್ಕೆ ಆಧಾರ 1975ರ ಕಸ್ಟಮ್ಸ್ ಸುಂಕ ಕಾಯ್ದೆ. ಮೊದಲು ನೋಡುವುದು ಬಟ್ಟೆಯನ್ನು: ಹೆಣೆದದ್ದಾದರೆ 61ನೇ ಅಧ್ಯಾಯದ ಶೀರ್ಷಿಕೆ 6102, ನೇಯ್ದದ್ದಾದರೆ 62ನೇ ಅಧ್ಯಾಯದ 6202. ನೇಯ್ದ ಉಣ್ಣೆ ಕೋಟು 2022ರ ಜನವರಿಯಿಂದ 6202.20ರಲ್ಲಿದೆ. ಬೆರಕೆ ನೂಲಾಗಿದ್ದರೆ ತೂಕದಲ್ಲಿ ಯಾವ ಎಳೆ ಹೆಚ್ಚೋ ಅದರ ಲೆಕ್ಕ.

ಗಂಡಸರದೋ ಹೆಂಗಸರದೋ ಎಂಬುದನ್ನು ಗುಂಡಿಯೇ ಹೇಳುತ್ತದೆ. ಮುಂಭಾಗದಲ್ಲಿ ಎಡಮಗ್ಗುಲು ಬಲದ ಮೇಲೆ ಬಂದರೆ ಗಂಡಸರದು, ಬಲಮಗ್ಗುಲು ಎಡದ ಮೇಲೆ ಬಂದರೆ ಹೆಂಗಸರದು. ಹೊಲಿಗೆಯ ಕಟ್ಟೇ ಬೇರೆ ಹೇಳಿದರೆ ಈ ನಿಯಮ ನಡೆಯದು. ಯಾವುದೂ ತೀರ್ಮಾನವಾಗದ ಉಡುಪು ಹೆಂಗಸರ ಶೀರ್ಷಿಕೆಗೇ ಸೇರುತ್ತದೆ. ಕಾನೂನಿನ ಈ ಔದಾರ್ಯ ಕುತೂಹಲದ್ದು.

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕಡೆಯವರಿಗೆ ಉಣ್ಣೆಯೆಂದರೆ ಕೋಟಲ್ಲ, ಕಂಬಳಿ. ಮಳೆಯಲ್ಲಿ ಅದನ್ನೇ ಮಡಿಚಿ ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟುಕೊಂಡರೆ ಕೋಟಿನ ಕೆಲಸವೆಲ್ಲ ಆಗುತ್ತದೆ. ಆದರೂ ಕತ್ತರಿ, ಸೂಜಿ ಕಾಣದ ಕಂಬಳಿ ಸುಂಕದ ಕಣ್ಣಿಗೆ ಉಡುಪಲ್ಲ, ಹೊದಿಕೆ. ಅದರ ಶೀರ್ಷಿಕೆ 6301.

ಬೆಂಗಳೂರು ವಿಮಾನನಿಲ್ದಾಣದಲ್ಲಿ ಇಳಿಯುವವರ ಪೆಟ್ಟಿಗೆಯ ಕೋಟಿನ ದಾರಿಯೇ ಬೇರೆ. ಪ್ರಯಾಣಿಕರ ಸರಂಜಾಮಿನಲ್ಲಿರುವ ಸುಂಕಾರ್ಹ ವಸ್ತುಗಳಿಗೆ 9803 ಎಂಬ ಒಂದೇ ಶೀರ್ಷಿಕೆ. ಅಲ್ಲಿ ಗುಂಡಿ ಯಾವ ಕಡೆಗಿದೆ ಎಂದು ಯಾರೂ ನೋಡುವುದಿಲ್ಲ. ವ್ಯಾಪಾರಕ್ಕೆ ತರಿಸುವವರಿಗೆ ಸಂಶಯವಿದ್ದರೆ, ಸರಕು ಬರುವ ಮುಂಚೆಯೇ ದೆಹಲಿ ಅಥವಾ ಮುಂಬಯಿಯ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು.