ಚಳಿಗಾಲದಲ್ಲಿ ಬಯಲಲ್ಲಿ ನಿಲ್ಲುವ ಕಾರು: ಹೊದಿಕೆಯ ಆಯ್ಕೆ ಹೇಗೆ?

ಕೊಪ್ಪಳ: ತಾಲ್ಲೂಕಿನ ಹೋಬಳಿ ಕೇಂದ್ರವಾದ ಇರಕಲ್ಲಗಡದಂಥ ಊರುಗಳಲ್ಲಿ ಮನೆಗಳು ಕಾರಿಗಿಂತ ಹಳೆಯವು. ಓಣಿಗಳು ಚಕ್ಕಡಿಯ ಅಳತೆಗೆ ಬಿದ್ದವು. ಮನೆ ಮುಂದಿನ ಕಟ್ಟೆಗೂ ಎದುರು ಮನೆಯ ಗೋಡೆಗೂ ನಡುವೆ ಕಾರು ನಿಲ್ಲುವಷ್ಟು ಜಾಗ ಇರುವುದು ಅಪರೂಪ. ಹೀಗಾಗಿ ಸಾಲ ಮಾಡಿ ಕೊಂಡ ಕಾರು ರಾತ್ರಿ ಕಳೆಯುವುದು ಊರ ಮುಂದಿನ ಬಯಲಿನಲ್ಲಿ, ಗುಡಿಯ ಪಕ್ಕದಲ್ಲಿ ಅಥವಾ ಬೇವಿನ ಮರದ ಕೆಳಗೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ಹಳೆಯ ಬಡಾವಣೆಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಇಂಥ ಕಾರಿಗೆ ಮಾಲೀಕರು ಮೊದಲು ಕೊಳ್ಳುವ ವಸ್ತು ಕವರ್. ದಪ್ಪಗಿರುವುದು, ನೀರು ಸೋರದಿರುವುದು ಒಳ್ಳೆಯದೆಂಬ ನಂಬಿಕೆಯಿಂದಲೇ ಬಹುತೇಕರು ಅದನ್ನು ಆರಿಸುತ್ತಾರೆ. ಮಳೆಗಾಲಕ್ಕೆ ಈ ಲೆಕ್ಕ ಒಪ್ಪಬಹುದು. ಬಯಲುಸೀಮೆಯ ಚಳಿಗಾಲಕ್ಕೆ ಮಾತ್ರ ಒಪ್ಪುವುದಿಲ್ಲ. ಇಲ್ಲಿ ಚಳಿಗಾಲದಲ್ಲಿ ಕಾರಿನ ಬಣ್ಣಕ್ಕೆ ಶತ್ರುಗಳು ಎರಡು: ರಾತ್ರಿಯ ಇಬ್ಬನಿ ಮತ್ತು ಹಗಲಿನ ಧೂಳು. ಗಾಳಿಯಾಡದ ಕವರ್ ಮೊದಲನೆಯದನ್ನು ಒಳಗೆ ಹಿಡಿದಿಡುತ್ತದೆ. ಸಡಿಲವಾಗಿ ಹೊದಿಸಿದ ಕವರ್ ಎರಡನೆಯದನ್ನು ಬಣ್ಣದ ಮೇಲೆ ಉಜ್ಜುತ್ತದೆ.

ಇಬ್ಬನಿ ಬೀಳುವ ಬಗೆ

ಡಿಸೆಂಬರ್, ಜನವರಿಯಲ್ಲಿ ಈ ಭಾಗದ ಆಕಾಶ ಬಹುತೇಕ ನಿರಭ್ರವಾಗಿರುತ್ತದೆ. ಮಧ್ಯಾಹ್ನ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವ ಉಷ್ಣಾಂಶ ನಸುಕಿನ ವೇಳೆಗೆ 15 ಡಿಗ್ರಿಯ ಸಮೀಪಕ್ಕೆ ಇಳಿಯುವುದುಂಟು. ಮೋಡವಿಲ್ಲದ ರಾತ್ರಿಯಲ್ಲಿ ಕಾರಿನ ಛಾವಣಿಯ ತೆಳು ತಗಡು ತನ್ನ ಶಾಖವನ್ನು ಆಕಾಶಕ್ಕೆ ಹೊರಸೂಸಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆ ತಗಡನ್ನು ತಾಗಿದ ಗಾಳಿಯಲ್ಲಿನ ತೇವ ಹನಿಗಟ್ಟುತ್ತದೆ. ಅದೇ ಇಬ್ಬನಿ.

ಕವರ್ ಹೊದಿಸಿದರೆ ಇಬ್ಬನಿ ಅದರ ಮೇಲ್ಮೈಯಲ್ಲಿ ಬೀಳುತ್ತದೆ. ಆದರೆ ನೆಲದಿಂದ ಏಳುವ ತೇವ, ತೊಳೆದ ಕಾರಿನಲ್ಲಿ ಉಳಿದ ನೀರು, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳು ತರುವ ಅಕಾಲಿಕ ಮಳೆಯ ಹಸಿ ಇವೆಲ್ಲ ಕವರಿನ ಒಳಗೇ ಇರುತ್ತವೆ. ಗಾಳಿಯಾಡುವ ಬಟ್ಟೆಯಾದರೆ ಬಿಸಿಲೇರುತ್ತಿದ್ದಂತೆ ಆ ತೇವ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ ಹಾಳೆಯಾದರೆ ಅದು ಒಳಮೈಗೆ ಹನಿಗಟ್ಟಿ, ಮತ್ತೆ ಕಾರಿನ ಮೇಲೆಯೇ ಇಳಿಯುತ್ತದೆ. ವಾರಗಟ್ಟಲೆ ಹೀಗಾದರೆ ಬಣ್ಣದಲ್ಲಿ ಮಸುಕು ಕಲೆ, ಬಾಗಿಲ ಸಂದಿನಲ್ಲಿ ತುಕ್ಕು, ಸೀಟಿನಲ್ಲಿ ಬೂಷ್ಟು ಕಾಣಿಸಿಕೊಳ್ಳುತ್ತವೆ.

ಕೂದಲಿಗಿಂತ ತೆಳು ಪದರ

ಕಾರ್ಖಾನೆಯಲ್ಲಿ ಕಾರಿಗೆ ಬಳಿಯುವ ಎಲ್ಲ ಪದರಗಳನ್ನು ಸೇರಿಸಿದರೂ ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಮಾತ್ರ. ಹೊಳಪು ಕೊಡುವ ಮೇಲಿನ ಪಾರದರ್ಶಕ ಪದರ 40ರಿಂದ 50 ಮೈಕ್ರಾನ್. ಅಂದರೆ ಸಾಮಾನ್ಯ ತಲೆಗೂದಲಿಗಿಂತಲೂ ತೆಳು. ಗ್ರಾನೈಟ್ ಪುಡಿಯಲ್ಲಿಯೂ ಮರಳಿನಲ್ಲಿಯೂ ಇರುವ ಸ್ಫಟಿಕ ಶಿಲೆಯ ಕಣ, ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ 7ನೇ ಸ್ಥಾನದಲ್ಲಿದೆ. ಅದು ಗಾಜನ್ನೂ ಗೀರಬಲ್ಲದು. ಧೂಳು ಕುಳಿತ ಕಾರಿನ ಮೇಲೆ ಕವರ್ ಎಳೆದರೆ ಅದು ಮರಳು ಕಾಗದದಂತೆ ಕೆಲಸ ಮಾಡುತ್ತದೆ. ಬಿಸಿಲಿನಲ್ಲಿ ಕಾಣುವ ಜೇಡರ ಬಲೆಯಂಥ ಸೂಕ್ಷ್ಮ ಗೀರುಗಳಿಗೆ ಕಾರಣ ಇದೇ. ಕಾರು ಮಾರುವಾಗ ಕೊಳ್ಳುವವನ ಕಣ್ಣು ಮೊದಲು ಬೀಳುವುದೂ ಅವುಗಳ ಮೇಲೆಯೇ.

ತಾಲ್ಲೂಕಿಗೊಂದು ಧೂಳು

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯೊಳಗೇ ಧೂಳಿನ ಗುಣ ಊರಿಂದೂರಿಗೆ ಬದಲಾಗುತ್ತದೆ. ಕವರ್ ಆರಿಸುವವರು ತಮ್ಮ ಊರಿನ ಧೂಳನ್ನು ಮೊದಲು ಗುರುತಿಸಿಕೊಳ್ಳುವುದು ಒಳಿತು.

ಕೊಪ್ಪಳ ಮತ್ತು ಗಿಣಿಗೇರಾ ಸುತ್ತಮುತ್ತ ಸ್ಪಾಂಜ್ ಐರನ್ ಹಾಗೂ ಉಕ್ಕು ಕಾರ್ಖಾನೆಗಳಿವೆ. ಕಾರ್ಖಾನೆಗಳ ಧೂಳು, ಹೊಗೆಯ ಪ್ರಶ್ನೆಯೇ 2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್‌ಗೂ ದಾರಿ ಮಾಡಿತ್ತು. ಕಬ್ಬಿಣದ ಕಣ ಬಣ್ಣದ ಮೇಲೆ ಕುಳಿತು ಇಬ್ಬನಿಯಲ್ಲಿ ನೆನೆದರೆ ಅಲ್ಲಿಯೇ ತುಕ್ಕು ಹಿಡಿದು ಕಂದು ಚುಕ್ಕೆಯಾಗುತ್ತದೆ. ಬರೀ ನೀರಿನಿಂದ ಅದು ಹೋಗುವುದಿಲ್ಲ. ಇಲ್ಲಿಯ ಕಾರುಗಳಿಗೆ ಒತ್ತಾದ ಬಟ್ಟೆಯ, ಕೆಳಗಿನವರೆಗೂ ಬಿಗಿಯಾಗಿ ಕೂರುವ ಕವರ್ ಬೇಕು.

ಗಂಗಾವತಿ, ಕಾರಟಗಿ ಭಾಗ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಗದ್ದೆಗಳ ನೀರಿನಿಂದ ಗಾಳಿಯಲ್ಲಿ ತೇವ ಹೆಚ್ಚು. ನವೆಂಬರ್, ಡಿಸೆಂಬರ್ ಕಟಾವಿನಲ್ಲಿ ಹೊಟ್ಟಿನ ಧೂಳೂ ಹೆಚ್ಚು. ಇಲ್ಲಿ ಗಾಳಿಯಾಡುವ ಗುಣಕ್ಕೇ ಮೊದಲ ಆದ್ಯತೆ.

ಕುಷ್ಟಗಿ, ಯಲಬುರ್ಗಾ ಕಡೆ ಎರೆ ಮತ್ತು ಮಸಾರಿ ಹೊಲಗಳ ನುಣ್ಣನೆಯ ಮಣ್ಣು ಏಳುತ್ತದೆ. ಕುಷ್ಟಗಿ ಭಾಗದಲ್ಲಿ ಗ್ರಾನೈಟ್ ಪುಡಿಯೂ ಅದಕ್ಕೆ ಸೇರುತ್ತದೆ. ಬಯಲು ತೆರೆದುಕೊಂಡಿರುವುದರಿಂದ ಗಾಳಿಯ ಹೊಡೆತ ಜೋರು. ಇಲ್ಲಿ ಬಟ್ಟೆಯಷ್ಟೇ ಮುಖ್ಯ ಅದನ್ನು ಹಿಡಿದಿಡುವ ಪಟ್ಟಿ.

ರಾಜ್ಯದ ಉಳಿದೆಡೆ ಲೆಕ್ಕ ಬೇರೆ. ಮಂಗಳೂರು, ಕಾರವಾರದಲ್ಲಿ ಉಪ್ಪಿನ ಗಾಳಿ, ಕೊಡಗು ಮತ್ತು ಚಿಕ್ಕಮಗಳೂರಿನಲ್ಲಿ ಮಂಜು, ಬೆಂಗಳೂರಿನಲ್ಲಿ ಸಾಲುಮರಗಳ ಅಂಟು ಮತ್ತು ಪಾರಿವಾಳದ ಹಿಕ್ಕೆ ಕಾಡುತ್ತವೆ. ಕಲಬುರ್ಗಿ, ರಾಯಚೂರು, ಬಳ್ಳಾರಿಯವರಿಗೆ ಕೊಪ್ಪಳದ ಲೆಕ್ಕವೇ ಹೆಚ್ಚು ಹತ್ತಿರ. ಯುರೋಪ್, ಅಮೆರಿಕದಲ್ಲಿ ಚಳಿಗಾಲದ ಕವರ್ ತಡೆಯಬೇಕಾದದ್ದು ಹಿಮವನ್ನು. ಆನ್‌ಲೈನ್ ಮಾರಾಟದಲ್ಲಿ ಹಿಮ, ಮಂಜುಗಡ್ಡೆ ತಡೆಯುತ್ತದೆಂಬ ವಿವರಣೆ ಕಂಡರೆ ಅದು ಬಯಲುಸೀಮೆಗೆ ಹೊಂದುವ ಗುಣವಲ್ಲ ಎಂಬುದು ನೆನಪಿರಬೇಕು.

ಬಟ್ಟೆಯ ಬಗೆಗಳು

ತಾಡಪತ್ರಿ: ರಾಶಿ ಮುಚ್ಚಲು ಮನೆಯಲ್ಲಿ ಹೇಗೂ ಇರುವ ವಸ್ತು. ಮಳೆಯನ್ನು ಪೂರ್ತಿ ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ. ಅಂಚು ಒರಟು. ಎರಡು ದಿನದ ಮಳೆಗೆ ಸರಿ, ಎರಡು ತಿಂಗಳ ಚಳಿಗಾಲಕ್ಕೆ ಸಲ್ಲದು.

ರೆಕ್ಸಿನ್ ಮತ್ತು ಪಿವಿಸಿ ಲೇಪದ ಕವರ್: ಗಟ್ಟಿ, ಬಾಳಿಕೆ ಹೆಚ್ಚು. ತೇವ ಹೊರಹೋಗಲು ದಾರಿಯಿಲ್ಲ. ಬಿಸಿಲಿಗೆ ಕಾದು ಬಣ್ಣಕ್ಕೆ ಅಂಟಿಕೊಳ್ಳುವ ಅಪಾಯವೂ ಇದೆ.

ಪಾಲಿಯೆಸ್ಟರ್ ತಾಫೆಟಾ: ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಸಿಗುವ ಬೆಳ್ಳಿ ಬಣ್ಣದ ಬಟ್ಟೆ. ಹಗುರ, ಮಡಚಲು ಸುಲಭ. ಪೊಟ್ಟಣದ ಮೇಲೆ '190ಟಿ' ಎಂಬಂಥ ಗುರುತು ಇರುತ್ತದೆ. ಒಂದು ಚದರ ಅಂಗುಲದಲ್ಲಿರುವ ಹಾಸು ಮತ್ತು ಹೊಕ್ಕು ಎಳೆಗಳ ಒಟ್ಟು ಸಂಖ್ಯೆ ಅದು. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ನೇಕಾರರಿಗೆ ಇದು ಹೊಸ ಲೆಕ್ಕವೇನಲ್ಲ. ಸಂಖ್ಯೆ ಹೆಚ್ಚಿದಷ್ಟೂ ನೇಯ್ಗೆ ಒತ್ತು, ಧೂಳು ನುಸುಳುವುದು ಕಡಿಮೆ. ಆದರೆ ಅದು ನೀರು ತಡೆಯುವ ಶಕ್ತಿಯ ಅಳತೆಯಲ್ಲ. ನೀರು ತಡೆಯುವುದು ಬಟ್ಟೆಯ ಲೇಪ. ಲೇಪ ದಟ್ಟವಾದಷ್ಟೂ ಗಾಳಿಯಾಡುವುದು ಕಡಿಮೆ.

ನೇಯದ ಬಹುಪದರ ಬಟ್ಟೆ: ಪಾಲಿಪ್ರೊಪಿಲೀನ್ ಎಳೆಗಳನ್ನು ನೇಯದೆ ಒತ್ತಿ ಮಾಡಿದ್ದು. ಹನಿ ನೀರನ್ನು ತಡೆದು ಆವಿಯನ್ನು ಹೊರಬಿಡುತ್ತದೆ. ಒಳಮೈ ಮೃದು. ಚಳಿಗಾಲಕ್ಕೆ ಗುಣದಲ್ಲಿ ಇದೇ ಹೆಚ್ಚು ಸೂಕ್ತ. ಆದರೆ ನೇರಳಾತೀತ ಕಿರಣ ತಾಳುವ ಸಂಸ್ಕರಣೆ ಆಗಿರದಿದ್ದರೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಹತ್ತಿ ಬಟ್ಟೆ: ಬಣ್ಣಕ್ಕೆ ಅತ್ಯಂತ ಮೃದು. ಆದರೆ ಇಬ್ಬನಿ ಹೀರಿ ಹಸಿಯಾಗಿಯೇ ಉಳಿಯುತ್ತದೆ. ಮುಚ್ಚಿದ ಶೆಡ್ಡಿಗೆ ಮಾತ್ರ ಸೂಕ್ತ.

ಹೊರಗೆ ಒತ್ತು ನೇಯ್ಗೆಯ ಪಾಲಿಯೆಸ್ಟರ್, ಒಳಗೆ ಮೃದುವಾದ ಅಸ್ತರಿ, ಎರಡೂ ಬದಿಯಲ್ಲಿ ಗಾಳಿಕಿಂಡಿ ಇರುವ ಕವರ್ ಬಯಲಲ್ಲಿ ನಿಲ್ಲುವ ಕಾರಿಗೆ ಉತ್ತಮ ಮಧ್ಯಮ ಮಾರ್ಗ.

ಅಂಗಡಿಯಲ್ಲೇ ಮೂರು ಪರೀಕ್ಷೆ

ಒಂದು, ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ ನೋಡುವುದು. ಸ್ವಲ್ಪವಾದರೂ ಗಾಳಿ ದಾಟಬೇಕು. ಎರಡು, ನಾಲ್ಕು ಹನಿ ನೀರು ಚಿಮುಕಿಸಿ ಒಂದು ನಿಮಿಷ ಕಾಯುವುದು. ಹನಿ ಮಣಿಯಂತೆ ನಿಂತರೆ ಇಬ್ಬನಿಯ ಮಟ್ಟಿಗೆ ಸಾಕು. ಮೂರು, ಒಳಮೈಯನ್ನೂ ಹೊಲಿಗೆಯನ್ನೂ ಕೆನ್ನೆಗೆ ಉಜ್ಜಿ ನೋಡುವುದು. ಕೆನ್ನೆಗೆ ಒರಟಾದದ್ದು ಬಣ್ಣಕ್ಕೂ ಒರಟೇ.

ಅಳತೆಯ ವಿಷಯದಲ್ಲಿ 'ಸಣ್ಣ ಕಾರು', 'ದೊಡ್ಡ ಕಾರು' ಎಂಬ ಮಾತು ಸಾಲದು. ಸ್ವಿಫ್ಟ್ ಕಾರಿನ ಉದ್ದ 3,860 ಮಿ.ಮೀ., ಬೊಲೆರೊ ಉದ್ದ 3,995 ಮಿ.ಮೀ. ಉದ್ದದಲ್ಲಿ ಅಂತರ ಒಂದು ಗೇಣಿಗಿಂತ ಕಡಿಮೆ. ಎತ್ತರದಲ್ಲಿ ಮಾತ್ರ ಮೊದಲನೆಯದು 1,520 ಮಿ.ಮೀ., ಎರಡನೆಯದು 1,880 ಮಿ.ಮೀ. ಒಂದರ ಕವರ್ ಇನ್ನೊಂದಕ್ಕೆ ಕೂರದು. ಮಾದರಿಯ ಹೆಸರು, ತಯಾರಾದ ವರ್ಷ ಎರಡನ್ನೂ ಹೇಳಿ ಕೊಳ್ಳಬೇಕು. ಕನ್ನಡಿಗೆ ಪ್ರತ್ಯೇಕ ಜೇಬು ಇದ್ದರೆ ಕವರ್ ಜಾರುವುದಿಲ್ಲ. ಛಾವಣಿಯಲ್ಲಿ ಆಂಟೆನಾ ಇದ್ದರೆ ಬಟ್ಟೆ ಅಲ್ಲಿಯೇ ಹರಿಯುತ್ತದೆ; ಬಿಚ್ಚಲು ಬರುವಂಥದ್ದಾದರೆ ಬಿಚ್ಚಿಡುವುದು ಲೇಸು.

ಕಲ್ಲು, ಸುತಲಿ ಬೇಡ

ಗಾಳಿಗೆ ಕವರ್ ಹಾರದಿರಲೆಂದು ಮೇಲೆ ಕಲ್ಲು ಹೇರುವುದು, ಸುತಲಿ ಹಗ್ಗ ಬಿಗಿಯುವುದು ಹಳ್ಳಿಗಳಲ್ಲಿ ಸಾಮಾನ್ಯ. ಎರಡೂ ಬಣ್ಣಕ್ಕೆ ಹಾನಿ. ಕಾರಿನ ಹೊಟ್ಟೆಯಡಿ ಹಾದು ಎರಡು ಬದಿಗೆ ಕೂಡುವ ಬಕಲ್ ಪಟ್ಟಿ, ಅಂಚಿನ ಸುತ್ತ ಎಲಾಸ್ಟಿಕ್ ಇರುವ ಕವರ್ ಉತ್ತಮ. ಪಟ್ಟಿ ಇಲ್ಲದಿದ್ದರೆ ಅಗಲವಾದ ಲಾಡಿ ಹೊಲಿಸಿಕೊಳ್ಳಬಹುದು. ಗಾಳಿಗೆ ಪಟಪಟ ಬಡಿದುಕೊಳ್ಳುವ ಕವರ್ ಹೊದಿಸುವುದಕ್ಕಿಂತ ಹೊದಿಸದಿರುವುದೇ ಮೇಲು.

ಹೊದಿಸುವ ಮುನ್ನ ಕಾರು ಶುಚಿಯಾಗಿ, ಒಣಗಿರಬೇಕು. ಒಣ ಬಟ್ಟೆಯಿಂದ ಧೂಳು ಒರೆಸುವುದು ತಪ್ಪು. ಮೊದಲು ನೀರು ಹರಿಸಬೇಕು. ದಿನವೂ ಓಡಾಡುವ ಕಾರನ್ನು ದಿನವೂ ತೊಳೆಯುವುದು ನೀರಿನ ಅಭಾವದ ಊರಿನಲ್ಲಿ ಆಗದ ಮಾತು. ಅಂಥ ಕಾರಿಗೆ ಕವರಿಗಿಂತ ನೆರಳೇ ಸೂಕ್ತ. ವಾರಗಟ್ಟಲೆ ನಿಂತೇ ಇರುವ ಕಾರಿಗೆ ಕವರ್ ನಿಜವಾಗಿ ಉಪಯುಕ್ತ. ಆದರೂ ವಾರಕ್ಕೊಮ್ಮೆ ಬಿಸಿಲೇರಿದ ಮೇಲೆ ತೆಗೆದು, ಕಾರಿಗೂ ಕವರಿಗೂ ಗಾಳಿ ಬಿಡಬೇಕು. ಬೆಳಗಿನ ಇಬ್ಬನಿಯಲ್ಲಿ ಹಸಿಯಾದ ಕವರನ್ನು ಮಡಚಿ ಡಿಕ್ಕಿಯಲ್ಲಿಟ್ಟರೆ ಸಂಜೆಗೆ ಮುಗ್ಗುಲು ವಾಸನೆ ಖಚಿತ.

ಇಲಿ, ಬೆಂಕಿ, ಮಕ್ಕಳು

ಕಟಾವು ಮುಗಿದ ಹೊಲದ ಇಲಿಗಳು ಬೆಚ್ಚಗಿನ ಜಾಗ ಹುಡುಕುತ್ತವೆ. ನೆಲ ಮುಟ್ಟುವ ಕವರ್ ಅವುಗಳಿಗೆ ಮನೆಯೇ ಸರಿ. ಕಡಿದುಹೋದ ಒಂದು ವೈರಿಂಗ್ ಸರಂಜಾಮಿನ ರಿಪೇರಿ ಕವರಿನ ಬೆಲೆಯನ್ನು ಮೀರಬಹುದು. ಕವರಿನ ಅಂಚು ನೆಲದಿಂದ ನಾಲ್ಕು ಬೆರಳು ಮೇಲಿರಲಿ. ಕಾರಿನೊಳಗೆ ತಿಂಡಿ, ಕಾಳು ಬೇಡ. ವಾರಕ್ಕೆರಡು ಬಾರಿ ಬಾನೆಟ್ ಎತ್ತಿ ನೋಡುವುದು ರೂಢಿಯಾಗಲಿ. ಬೆಕ್ಕುಗಳೂ ಎಂಜಿನ್ ಬಳಿ ಮಲಗುವುದುಂಟು. ಚಾಲೂ ಮಾಡುವ ಮೊದಲು ಬಾನೆಟ್ ತಟ್ಟಿದರೆ ಒಂದು ಜೀವ ಉಳಿದೀತು.

ಓಡಿ ಬಂದ ಕಾರಿನ ಸೈಲೆನ್ಸರ್ ಪಾಲಿಯೆಸ್ಟರ್ ಬಟ್ಟೆಯನ್ನು ಕರಗಿಸುವಷ್ಟು ಕಾದಿರುತ್ತದೆ. ಕನಿಷ್ಠ ಅರ್ಧ ಗಂಟೆ ಕಾದು ಹೊದಿಸಬೇಕು. ಕವರ್ ಹೊದಿಸಿದ ಕಾರಿನ ಎಂಜಿನ್ ಚಾಲೂ ಮಾಡಲೇಬಾರದು. ಬೆಂಕಿಯ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ವಿಷಾನಿಲದ ಅಪಾಯವೂ ಇದೆ.

ಎಲ್ಲಕ್ಕಿಂತ ಮುಖ್ಯ ಬಾಗಿಲಿನ ಬೀಗ. 2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರಂ ಜಿಲ್ಲೆಯಲ್ಲಿ ನಿಂತಿದ್ದ ಕಾರಿನೊಳಗೆ ಆಟವಾಡಲು ಹೋದ ನಾಲ್ವರು ಮಕ್ಕಳು ಬಾಗಿಲು ತೆರೆಯಲಾಗದೆ ಮೃತಪಟ್ಟರು. ಬಯಲಲ್ಲಿ ನಿಂತ ಕಾರು ಮಕ್ಕಳ ಕಣ್ಣಿಗೆ ಆಟದ ಮನೆ. ಕವರ್ ಹೊದಿಸಿದ ಮೇಲಂತೂ ಒಳಗಿರುವವರು ಹೊರಗಿನವರಿಗೆ ಕಾಣುವುದೇ ಇಲ್ಲ. ನಾಲ್ಕೂ ಬಾಗಿಲು ಮತ್ತು ಡಿಕ್ಕಿಗೆ ಬೀಗ ಬಿದ್ದಿದೆಯೆಂದು ಖಚಿತಪಡಿಸಿಕೊಂಡ ನಂತರವೇ ಕವರ್ ಎಳೆಯಬೇಕು.

ಚಪ್ಪರದ ಉಪಾಯ

ಇಬ್ಬನಿ ಬೀಳುವುದು ತೆರೆದ ಆಕಾಶದ ಕೆಳಗೆ. ಕಾರಿಗೂ ಆಕಾಶಕ್ಕೂ ನಡುವೆ ಏನಾದರೊಂದು ಮರೆ ಇದ್ದರೆ ತಗಡು ಅಷ್ಟಾಗಿ ತಣ್ಣಗಾಗುವುದಿಲ್ಲ. ಮರದ ಕೆಳಗೆ ನಿಂತ ಕಾರಿನಲ್ಲಿ ಇಬ್ಬನಿ ಕಡಿಮೆ ಇರುವುದು ಇದರಿಂದಲೇ. ಆದರೆ ಮರದಡಿ ಹಕ್ಕಿಯ ಹಿಕ್ಕೆ ಬೀಳುತ್ತದೆ. ಅದರ ಆಮ್ಲ ಬಣ್ಣವನ್ನು ತಿನ್ನುವುದರಿಂದ ಅಂದಂದೇ ನೆನೆಸಿ ತೆಗೆಯಬೇಕು. ಹಿತ್ತಲಲ್ಲಿ ಸ್ವಲ್ಪ ಜಾಗವಿದ್ದವರು ನಾಲ್ಕು ಕಂಬ ನೆಟ್ಟು ತಗಡಿನ ಇಲ್ಲವೇ ತೆಂಗಿನ ಗರಿಯ ಚಪ್ಪರ ಹಾಕಿದರೆ ಇಬ್ಬನಿ, ಬಿಸಿಲು ಎರಡಕ್ಕೂ ಪರಿಹಾರ ಸಿಗುತ್ತದೆ. ಆಗ ಧೂಳಿಗಾಗಿ ಹಗುರವಾದ, ಅಗ್ಗದ ಕವರ್ ಸಾಕು.

ಜಾಗವೇ ಇಲ್ಲದವರಿಗೆ ಗಾಳಿಯಾಡುವ, ಒಳಮೈ ಮೃದುವಾದ, ಅಳತೆಗೆ ಸರಿಯಾದ, ಹೊಟ್ಟೆಪಟ್ಟಿ ಇರುವ ಕವರ್ ಸರಿ. ಆದರೆ ಬೆಲೆಬಾಳುವ ಕವರನ್ನು ಧೂಳು ತುಂಬಿದ ಕಾರಿಗೆ ಹೊದಿಸುವುದಕ್ಕಿಂತ, ಸಾಧಾರಣ ಕವರನ್ನು ಶುಚಿಯಾದ ಕಾರಿಗೆ ಹೊದಿಸುವುದು ಲಾಭಕರ. ಸಾಲದ ಕಂತು ಮುಗಿಯುವ ಹೊತ್ತಿಗೆ ಕಾರಿನ ಬೆಲೆ ಎಷ್ಟು ಉಳಿದಿರುತ್ತದೆ ಎಂಬುದನ್ನು ಈ ಸಣ್ಣ ರೂಢಿಯೂ ನಿರ್ಧರಿಸುತ್ತದೆ.